ಒಳಮನೆಯ ಸದ್ದು

ಮಿಲ್ಲಿನ ಲೈನಿನಲ್ಲಿ ನಮ್ಮದು ಏಳನೇ ಮನೆ.
ಗೌರಕ್ಕನ ಮನೆಗೂ ನಮಗೂ ನಡುವೆ
ಒಂದು ಇಟ್ಟಿಗೆ ದಪ್ಪದ ಗೋಡೆ.
ಅವ್ವ ಬಾಗಿಲಿಗೆ ಹೋಗಿ ಇಣುಕಿದವಳಲ್ಲ,
ಕೌದಿ ಹೊಲಿಯುತ್ತ ಕೂತಲ್ಲೇ ಹೇಳುತ್ತಿದ್ದಳು:
ಸಕ್ಕರೆ ಡಬ್ಬಿಯ ಮುಚ್ಚಳ ಕಿತ್ತ ಸದ್ದು, ತವರಿನವರು.
ಮಕ್ಕಳ ಬಾಯಿ ಮುಚ್ಚಿಸಿ
ಹಿತ್ತಿಲ ಅಗುಳಿ ಮೆಲ್ಲಗೆ ಸರಿದರೆ, ಬಡ್ಡಿಯವನು.
ಬಂದವನ ಮುಖ ಯಾಕೆ ನೋಡಬೇಕು,
ಮನೆಯೇ ಹೇಳುತ್ತದಲ್ಲ.

ಇಪ್ಪತ್ತು ವರ್ಷದ ಮೇಲೆ ಅದೇ ದಾವಣಗೆರೆಯಲ್ಲಿ
ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ
ರಾತ್ರಿ ಪಾಳಿ ನನಗೆ.
ಅವ್ವನದೇ ಕೆಲಸ.

ಬಾಷಾ ನಗರದ ಮಂಡಕ್ಕಿ ಭಟ್ಟಿಯ ಹುಡುಗ,
ನಾಲ್ಕು ವರ್ಷ, ಹೆಸರು ಮುಸ್ತಕೀಮ್,
ಮೂರು ದಿನದ ಜ್ವರ, ನೂರಾ ಮೂರೂವರೆ.
ಕೂದಲಲ್ಲಿ ಇನ್ನೂ ಹೊಟ್ಟಿನ ಚೂರು.
ರಕ್ತ ಕಲ್ಚರಿಗೆ ಇಟ್ಟಿದ್ದೇವೆ,
ಬೆಳೆಯಲು ಎರಡು ದಿನ, ಬೆಳೆದರೆ.
ಡೆಂಗಿಯ ಪಟ್ಟಿಯಲ್ಲಿ ಒಂದೇ ಗೆರೆ.
ಬಂದವನು ಯಾವ ಮೂಲೆಯಲ್ಲಿ ಕೂತಿದ್ದಾನೋ.

ಈ ಹೊಸ ಯಂತ್ರ, ಇನ್ನೂ ಪ್ರಯೋಗದ್ದು,
ಬಂದವನನ್ನು ಹುಡುಕುವುದೇ ಇಲ್ಲ.
ಹುಡುಗನ ಬಿಳಿ ರಕ್ತಕಣಕ್ಕೆ ಕಿವಿಯಿಡುತ್ತದೆ:
ಯಾವ ಜೀನು ಎದ್ದಿದೆ, ಯಾವುದು ಮಲಗಿದೆ,
ಎದ್ದದ್ದು ಎಷ್ಟು ಚೀಟಿ ಬರೆದು ಹೊರಗೆ ಕಳಿಸಿತು.
ಬ್ಯಾಕ್ಟೀರಿಯ ಹೊಕ್ಕರೆ ಒಂದು ಗದ್ದಲ,
ವೈರಸ್ಸಿಗೆ ಬೇರೆಯೇ ಪಿಸುಗುಟ್ಟು.
ಆ ಚೀಟಿಗಳೋ, ಕೈ ತಾಗಿದರೆ ಕರಗುವಂಥವು.

ಎರಡೂಕಾಲಿಗೆ ಅಂಕಿ ಬಂತು.
ವೈರಸ್ಸಿನ ಕಡೆಗೆ ವಾಲಿತ್ತು.
ಡಾಕ್ಟರ್ ಶಶಿರೇಖಾ ಎರಡು ಸಲ ಓದಿದರು,
ಹೊಟ್ಟೆ ಒತ್ತಿದರು, ಕಿವಿ, ಗಂಟಲು, ಕುತ್ತಿಗೆ,
ಅರ್ಧ ಬರೆದ ಆಂಟಿಬಯಾಟಿಕ್ಕನ್ನು ಹೊಡೆದುಹಾಕಿ
ಕೆಳಗೆ ಬರೆದರು: ಕಾಯೋಣ. ತಾಸಿಗೊಮ್ಮೆ ನೋಡಿ.

ಕಾಯುವುದು ಔಷಧವಲ್ಲ ಜೈತುನ್‌ಬಿಗೆ.
"ಸೂಜಿ ಹಾಕಲ್ವೇನ್ರೀ?
ದುಡ್ಡಿಲ್ಲ ಅಂತ ಬಿಟ್ರೇನ್ರೀ?"
ಸೆರಗಿನ ಗಂಟು ಬಿಚ್ಚಿ
ಮಡಿಸಿ ಮಡಿಸಿ ಬಟ್ಟೆಯಂತಾದ ನೋಟು ಚಾಚಿದಳು.

ಇಲ್ಲಮ್ಮ, ನಿನ್ನ ಮಗನ ರಕ್ತವನ್ನೇ ಕೇಳಿದೀವಿ, ಎಂದೆ.
"ಎರಡು ದಿನದಿಂದ ನನ್ ಹತ್ರ ಮಾತಾಡಿಲ್ಲ ಅವನು.
ನಿಮಗೇನಂತು?"

ಏನನ್ನಲಿ.
ಭಟ್ಟಿಯ ಮರಳು ಕಾದದ್ದು ಹೇಗೆ ಗೊತ್ತಾಗುತ್ತೆ,
ಕೈಯಿಟ್ಟು ನೋಡ್ತೀಯಾ?
"ಕೈ ಯಾಕಿಡ್ಲಿ?
ಅಕ್ಕಿ ಬೀಳ್ತಿದ್ದಂಗೇ ಸದ್ದು ಹೇಳುತ್ತೆ."
ಹಾಗೇ, ಎಂದೆ.
ಅವಳು ಒಪ್ಪಲಿಲ್ಲ. ನೋಟು ಒಳಗಿಡಲೂ ಇಲ್ಲ.
ಮಗನ ಎದೆಗೆ ಕಿವಿ ಹಚ್ಚಿದಳು.

ಅವ್ವನಿಗೂ ಒಮ್ಮೆ ತಪ್ಪಿತ್ತು.
ಸಕ್ಕರೆ ಡಬ್ಬಿಯ ಸದ್ದು ಕೇಳಿ, ತವರಿನವರು, ಅಂದಿದ್ದಳು.
ಏನೂ ಗೊತ್ತಿಲ್ಲದೆ ಗೌರಕ್ಕ ಚಹಕ್ಕಿಟ್ಟಿದ್ದಳು,
ಮಿಲ್ಲಿಗೆ ಬೀಗ ಬಿತ್ತೆಂದು
ಹೇಳಲು ಬಂದವನಿಗೆ.

ಅದಕ್ಕೇ ನಾಲ್ಕು ಗಂಟೆಗೆ ನಾನೇ ಮೇಲೆ ಹೋದೆ.
ನೂರಾ ಎರಡು.
ಹುಡುಗ ಕಣ್ಣು ಬಿಟ್ಟು ಫ್ಯಾನು ನೋಡುತ್ತಿದ್ದ.
ಕೆಳಗೆ ಕಲ್ಚರಿನ ಬಾಟಲಿ
ಇನ್ನೂ ಏನೂ ಹೇಳಿಲ್ಲ.