ಹತ್ತೊಂಬತ್ತು ಸೀಟು ತುಂಬುವವರೆಗೆ

ಆಪ್ಲಿಯು ಬೀದಿಯಲ್ಲಿ ನನ್ನ ಅಂಗಡಿಯೆಂದರೆ
ಎರಡು ಟ್ಯೂಬ್‌ಲೈಟಿನಷ್ಟು ಅಗಲ.
ಒಂದು ಸ್ಟೂಲು, ಒಂದು ಭೂತಗನ್ನಡಿ,
ಸ್ಪಿರಿಟ್ಟಿನ ಶೀಶೆ, ಹಲ್ಲುಜ್ಜಿ ಬಿಟ್ಟ ಬ್ರಷ್ಷು.
ಮಧ್ಯಾಹ್ನ ಮೂರಕ್ಕೆ ಬಂದ
ಕೆಂಪು ಮಿನಿಬಸ್ಸಿನ ಡ್ರೈವರ್ ಟೆಂಗ್ ವಿಂಗ್-ಕಿನ್,
ಜೇಬಿನಿಂದ ಮಡಚುವ ಆಟದ ಪೆಟ್ಟಿಗೆ ತೆಗೆದು
'ಅಕ್ಕಾ, ಇದಕ್ಕೆ ವಯಸ್ಸಾಯಿತು' ಅಂದ.
'ಸೇತುವೆ ಬಂದಾಗಲೆಲ್ಲ ತಡವರಿಸುತ್ತೆ.
ಹಾಡು ನಡುವೆ ಬಿಕ್ಕುತ್ತೆ,
ನರಿ ಗಾಳಿಯಲ್ಲೇ ನಿಂತುಬಿಡುತ್ತೆ.'

ವಯಸ್ಸಾದವರ ಮೇಲೆ ತಪ್ಪು ಹೊರಿಸುವುದು ಸುಲಭ.
ಪೆಟ್ಟಿಗೆಯನ್ನು ನಾನು ಬಿಚ್ಚಲಿಲ್ಲ.
ಬೆನ್ನ ಸೀಳಿನಿಂದ ಕಾರ್ಟ್ರಿಜ್ ಎಳೆದೆ.
ಸ್ಟಿಕ್ಕರ್ ಸವೆದ ಫ್ಲಾಶ್ ಕಾರ್ಟ್ರಿಜ್,
ಅದರ ಹೊಟ್ಟೆಯಲ್ಲಿ ಕಿರುಬೆರಳ ಉಗುರಿನಷ್ಟು ಕಾರ್ಡು,
ಕಾರ್ಡಿನಲ್ಲಿ ಇನ್ನೂರ ಹನ್ನೆರಡು ಆಟ.
ಆಡುವುದೆಷ್ಟು?
'ಒಂದೇ.'

ಕೇಳು ಡ್ರೈವರಣ್ಣ,
ಅಸಲಿ ಕಾರ್ಟ್ರಿಜ್ಜಿಗೆ ಆಟ ಬಾಯಿಪಾಠ.
ಯಾವ ಸಾಲು ಕೇಳು, ಕೇಳಿದ ಕ್ಷಣ ನಾಲಿಗೆ ತುದಿಯಲ್ಲಿ.
ನಿನ್ನದರಲ್ಲಿ ಕೂತಿರುವವನು ಗೋದಾಮಿನ ಗುಮಾಸ್ತ.
ಚಿಟಿಕೆ ಉಪ್ಪು ಕೇಳಿದರೂ ಒಳಗೆ ಹೋಗಿ
ಇಡೀ ಮೂಟೆ ಹೊತ್ತು ತರುತ್ತಾನೆ,
ಚಿಟಿಕೆ ಕೊಟ್ಟು ಮೂಟೆ ಬಿಸಾಡುತ್ತಾನೆ,
ಮುಂದಿನ ಚಿಟಿಕೆಗೆ ಮತ್ತೆ ಮೂಟೆ.
ಮೇಲಿಂದ ನೀನು, ಹಾಕಿ ಅಳಿಸಿ, ಅಳಿಸಿ ಹಾಕಿ,
ಗೋದಾಮೆಲ್ಲ ಚೆಲ್ಲಾಪಿಲ್ಲಿ:
ಸೇತುವೆಯ ಹಲಗೆ ಈ ಮೂಲೆಗೆ,
ಸೇತುವೆಯ ಗಾಳಿ ಆ ಮೂಲೆಗೆ.
ಪೆಟ್ಟಿಗೆ ಮುದಿಯಾದರೂ ಚುರುಕೇ.
ಕೇಳಿದ ಕೂಡಲೇ ಸಿಗಬೇಕು, ಅದಕ್ಕೆ ಗೊತ್ತಿರುವುದು ಅಷ್ಟೇ.
ಉತ್ತರ ಬರುವ ತನಕ ಎತ್ತಿದ ಕಾಲು ಎತ್ತಿದಲ್ಲೇ.

'ಕಾಯುವುದು ನನಗೆ ಗೊತ್ತು' ಅಂದ,
'ಹತ್ತೊಂಬತ್ತು ಸೀಟು ತುಂಬದೆ ನಾನು ಹೊರಡುವುದಿಲ್ಲ.'
ಕಾರ್ಡು ಬದಲಿಸಿದೆ. ಹೊಸದರಲ್ಲಿ ಒಂದೇ ಆಟ,
ಮೊದಲಿಂದ ಕೊನೆಗೆ ಒಂದೇ ಸಾಲಿನಲ್ಲಿ,
ಜೊತೆಗೆ ಅವನ ಒಂಬತ್ತು ವರ್ಷದ ಸೇವ್ ಫೈಲು.
ನಲವತ್ತು ಡಾಲರ್.

ಎಂಟನೆಯ ದಿನ ಬಂದ.
'ಅಕ್ಕಾ, ಸೇತುವೆ ಓಡುತ್ತಿದೆ.'
ಯಾವತ್ತೂ ಓಡುತ್ತಲೇ ಇತ್ತು.
'ಹಾರಿದರೆ ಬೀಳುತ್ತೇನೆ. ನಲವತ್ತೊಂದು ಸಲ.'
ನೀನು ಹಾರಿದ್ದು ಗುಮಾಸ್ತನ ಹೆಜ್ಜೆ ಎಣಿಸಿ, ಅಂದೆ.
ಅವನು ಬಹಳ ಹೊತ್ತು ಬೆರಳು ನೋಡಿಕೊಂಡ.
ಬೆರಳಿಗೆ ಇದು ಹೇಗೆ ಹೇಳುವುದು?
'ಹಳೇ ಕಾರ್ಡು ಕೊಡು.'

ಬಿಸ್ಕತ್ತಿನ ಡಬ್ಬಿಯನ್ನು ಪೇಪರಿನ ಮೇಲೆ ಸುರಿದೆ.
ಎಪ್ಪತ್ತೋ ಎಂಬತ್ತೋ ಕರೀ ಉಗುರುಗಳು,
ಒಂದರಂತೆ ಇನ್ನೊಂದು.
ಇಬ್ಬರೂ ಬಗ್ಗಿ ಹುಡುಕಿದೆವು.
ಅವನದಕ್ಕೆ ಮೂಲೆ ಚೂರು ಮುರಿದಿತ್ತು,
ಅದು ಗೊತ್ತಿದ್ದದ್ದು ನನಗೆ ಮಾತ್ರ.
ಕಣ್ಣಿಗೆ ಬಿದ್ದದ್ದೇ ಹೆಬ್ಬೆರಳ ಕೆಳಗೆ ಒತ್ತಿ ಹಿಡಿದೆ.
ಇಲ್ಲಪ್ಪಾ, ಅಂದೆ.
ಯಾಕೆ ಅಂದೆನೋ.
ಸರಿ ಮಾಡಿದ್ದನ್ನು ಕೆಡಿಸಿ ಕೊಡುವುದು
ನನ್ನ ಕೈಗೆ ಬರುವುದಿಲ್ಲ, ಇರಬಹುದು.

ರಾತ್ರಿ ಹನ್ನೊಂದರ ಮೇಲೆ ಬೀಗ ಹಾಕಿ
ಚುನ್ ವಾನ್ ಕಡೆಯ ಸಾಲಿಗೆ ಬಂದರೆ ಅವನದೇ ಬಸ್ಸು.
ತಲೆಯ ಮೇಲೆ ವೇಗದ ಬೋರ್ಡು, ಕೆಂಪು ಸೊನ್ನೆ.
ಎಂಬತ್ತು ದಾಟಿದರೆ ಕಿರುಚುವ ಬೋರ್ಡು ಅದು.
ಸ್ಟಿಯರಿಂಗಿಗೆ ಪೆಟ್ಟಿಗೆ ಆನಿಸಿ ಆಡುತ್ತಿದ್ದ.
ಹಾಡು ಎಲ್ಲೂ ಬಿಕ್ಕಲಿಲ್ಲ.
ಬಿದ್ದ.
ಮೀನಿನ ಬುಟ್ಟಿಯವಳು ಹತ್ತಿದಳು. ಬಿದ್ದ.
ಯೂನಿಫಾರ್ಮಿನ ಸೆಕ್ಯೂರಿಟಿ ಇಬ್ಬರು. ಬಿದ್ದ,
ಆದರೆ ಈ ಸಲ ಒಂದು ಹಲಗೆ ಆಚೆಗೆ.
ಹತ್ತೊಂಬತ್ತನೆಯವಳು ನಾನೇ.
ಕನ್ನಡಿಯಲ್ಲಿ ನೋಡಿ ಗುರುತು ಹಿಡಿದು
ಮುಚ್ಚಳ ಟಪ್ಪೆಂದು ಮಡಚಿದ,
ಒಳಗೆ ನರಿ ಇನ್ನೂ ಗಾಳಿಯಲ್ಲೇ.
ಸೊನ್ನೆ ಹನ್ನೆರಡಾಯಿತು, ಮೂವತ್ತಾಯಿತು,
ನನ್ನ ಪರ್ಸಿನಲ್ಲಿ, ಚಿಲ್ಲರೆಯ ನಡುವೆ,
ಮೂಲೆ ಮುರಿದ ಉಗುರು.