ರಬ್ಬರ್ ಇಲ್ಲದ ಭಾನುವಾರ

ಮೊದಲ ದಿನವೇ ನನ್ನ ಪೆನ್ಸಿಲ್ ಇಸಿದುಕೊಂಡರು ಘಾಳೆಪ್ಪ ಮಾಸ್ತರು.
"ಅಳಿಸೋ ಆಸೆ ಇತ್ತಂದ್ರ ಕಣ್ಣು ಮೈಗಳ್ಳ ಆಗ್ತದ."
ಕೊಟ್ಟದ್ದು ಒಂದು ಟಾಕು, ಒಂದು ದೌತಿ ಕರಿ ಮಸಿ,
ಕಾಗದದ ಪೊಟ್ಟಣದಲ್ಲಿ
ಚಿಟಿಕೆ ನೀಲಿ.
"ಇದು ಚಿತ್ರಕ್ಕ ಒಂದೇ ಕಡಿ. ಎಲ್ಲಿ ಅಂತ ನಾ ಹೇಳಂಗಿಲ್ಲ."

ನಾನು ಬೀದರದ ದೊಡ್ಡಾಸ್ಪತ್ರೆಯ ಲ್ಯಾಬಿನವಳು.
ಆರು ದಿನ, ಗಾಜಿನ ಪಟ್ಟಿಯ ಮೇಲೆ
ಒಂದು ಹನಿ ರಕ್ತ ತೆಳ್ಳಗೆ ಎಳೆದು
ನೇರಳೆಯಲ್ಲಿ ಅದ್ದಿ ಎಣಿಸುತ್ತೇನೆ.
ಎಣಿಸಲು ಬಂದರೆ ನೋಡಲು ಬಂದಂತೆ
ಎಂದುಕೊಂಡಿದ್ದೆ.

ಮದರಸಾದ ಎದುರು ಮಡಚುವ ಸ್ಟೂಲು ಹಾಕಿ ಕೂತೆ.
ಟಾಕು ಚುಚ್ಚಿತು, ಮಸಿ ಸಿಡಿಯಿತು,
ಕಮಾನಿನ ನೆತ್ತಿಗೆ ಇರುವೆಗಳು ಹತ್ತಿದವು.
ಮಿನಾರು ಎಳೆದೆ. ಕೈ ಓಟದಲ್ಲಿತ್ತು,
ಆಚೆ ಬದಿಗೂ ಒಂದು ಎಳೆದೆ.

"ಎರಡನೇದು ಎಲ್ಲದವ್ವಾ?"

ತಲೆ ಎತ್ತಿದರೆ ಅಲ್ಲಿ ಬರೀ ಬಿಸಿಲು. ಹದ್ದೊಂದು
ಯಾವುದಕ್ಕೂ ತಾಗದೆ ಹಾದುಹೋಯಿತು.
ಹುಟ್ಟಿ ಬೆಳೆದದ್ದು ಇದೇ ಊರಲ್ಲಿ.
ಮಿನಾರು ಎಷ್ಟೆಂದು ನಿದ್ದೆಯಲ್ಲಿ ಕೇಳಿದರೂ
ಒಂದೇ ಎನ್ನುತ್ತಿದ್ದೆ.
ಕೈಗೆ ಯಾರೂ ಹೇಳಿರಲಿಲ್ಲ.

ಒದ್ದೆ ಬೆರಳಲ್ಲಿ ತಿಕ್ಕಿದೆ. ಹೋಗಲಿಲ್ಲ,
ಹೊಗೆಯಾಯಿತು.
"ಬಿಡು. ತಾರೀಖು ಹಾಕು. ಹೊಸ ಹಾಳಿ ತಗೊ."

ಹನ್ನೊಂದನೆಯ ಹಾಳೆಗೆ
ಇಲ್ಲದ ಕಡೆಯಿಂದಲೇ ಶುರುಮಾಡಿದೆ:
ಆಕಾಶದ ಆ ತುಂಡನ್ನು ಮೊದಲು ಅಳೆದು
ಅದರ ಅಂಚಿಗೆ ಗೋಡೆ ತಂದು ನಿಲ್ಲಿಸಿದೆ.
ನೆರಳಿಗೆ ಗೀರು, ಗೀರಿನ ಮೇಲೆ ಅಡ್ಡಗೀರು,
ಕೌದಿಗೆ ಅವ್ವ ಹಾಕುತ್ತಿದ್ದ ಹೊಲಿಗೆಯ ಹಾಗೆ ಒತ್ತೊತ್ತಾಗಿ;
ಬೆಳಕಿಗೆ ಏನೂ ಮಾಡಲಿಲ್ಲ.

ನೀಲಿ ಉಳಿಯಿತು.
ಗೋಡೆಗೆ ಇನ್ನೂ ಕಚ್ಚಿಕೊಂಡ ಹಳೆಯ ಟೈಲ್ಸಿನ ಚೂರು
ನನಗೇ ಎಂದು ಕಾದಿತ್ತು. ಫೋಟೋದವರೆಲ್ಲ
ನಿಲ್ಲುವುದು ಅದರ ಮುಂದೆಯೇ.
ಆದರೆ ಗೇಟಿನ ಹತ್ತಿರ
ಕಾವಲಿನ ಮೈಬೂಬನ ಹೆಂಡತಿ ಪ್ಲಾಸ್ಟಿಕ್ ಕೊಡ ಇಟ್ಟು
ನಳದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.
ಬಿಸಿಲು ಅದರ ಮೈಮೇಲೇ ಇತ್ತು.

ಮಾಸ್ತರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.
ನಲವತ್ತು ವರ್ಷ ಬಿದರಿ ಹೂಜಿಗಳಿಗೆ ಬಳ್ಳಿ ಗೀರಿದ ಕಣ್ಣು,
ಈಗ ಪೊರೆ ಬಂದದೆ.
"ಈ ನೀಲಿ ಏನು, ಕಮಾನಿಂದಾ?"
"ಕೊಡ ರೀ. ಖಾಲಿ ಕೊಡ."

ಏನೂ ಅನ್ನಲಿಲ್ಲ. ಹಾಳೆ ಕೆಳಗಿಟ್ಟು
ನಳದ ದಿಕ್ಕಿಗೆ ಮುಖ ಮಾಡಿ ಕೂತರು
ಬಾಳ ಹೊತ್ತು.

"ನೀರ್ ಬಂದ್ವೇನು?" ಅಂದರು.