ಆರು ಜೊತೆ ಬೂಟು

ಎಬಿನೇಸರಣ್ಣ ರಾಯಚೂರಿಗೆ ಹೊರಟ ದಿನ
ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಹಾಕಿದ್ದು ಇಷ್ಟೇ:
ಮೂರು ಬೀಗದಕೈ, ಗ್ಯಾಸಿನ ಪುಸ್ತಕ,
ಉದ್ದುದ್ದ ಗೆರೆ ಎಳೆದ ವರದಿಯ ರಿಜಿಸ್ಟರು.
ಉಪದೇಶ ಮಾಡಲಿಲ್ಲ. ಬಸ್ಸು ತಿರುಗಿದ ಮೇಲೆ
ಕಿಟಕಿಯಿಂದ ಕೂಗಿದ: "ಮೋಟರು ಹಾಕಿ ಮರೀಬೇಡ ಕಣೋ,
ಓನರಮ್ಮ ಬಯ್ತಾರೆ!"

ಭಾನುವಾರ ಪಾಸ್ಟರು ಎಲ್ಲರೆದುರು ತಲೆ ಮೇಲೆ ಕೈಯಿಟ್ಟು
ಹಿರಿಯ ಪ್ರವಾದಿಯ ಕಂಬಳಿ ಕಿರಿಯನ ಹೆಗಲಿಗೆ ಬಿದ್ದ ಹಾಗೆ, ಅಂದರು.
ನಾನು ಹೆಗಲು ಮುಟ್ಟಿ ನೋಡಿಕೊಂಡೆ.
ಇಸ್ತ್ರಿಯ ಗೆರೆ ಇತ್ತು.

ಅವತ್ತಿನಿಂದ
"ಲೋ ಸಮಾಧಾನ" ಅನ್ನುತ್ತಿದ್ದವರು "ಅಣ್ಣಾವ್ರೆ" ಅಂದರು.
ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವರು
ನಾನು ಅಡುಗೆಮನೆಗೆ ಕಾಲಿಟ್ಟರೆ ಮಾತು ನುಂಗಿದರು.
ನನಗಿನ್ನೂ ಇಪ್ಪತ್ಮೂರು. ಮೀಸೆಯೇ ಸರಿಯಾಗಿ ಮನಸ್ಸು ಮಾಡಿಲ್ಲ.
ನೆಲ್ಸನ್ನಿಗೆ ನನಗಿಂತ ಎರಡು ವರ್ಷ ಹೆಚ್ಚು,
ವಚನಗಳೂ ಹೆಚ್ಚು ಬಾಯಿಪಾಠ;
"ನಾಳೆ ಕಲ್ಲಹಳ್ಳಿಗೆ ನೀನು ಹೋಗು" ಎಂದು ಅವನಿಗೆ ಹೇಳುವ ಮೊದಲು
ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು
ನಾಲ್ಕು ಸಲ ಹೇಳಿ ನೋಡಿದೆ.

ಹೆಸರು ಸಮಾಧಾನ. ರಾತ್ರಿ ಎರಡು ಗಂಟೆಗೆ
ಅದೊಂದೇ ನನ್ನ ಹತ್ತಿರ ಇರುವುದಿಲ್ಲ.

ಮೊನ್ನೆವರೆಗೆ ನನಗಿದ್ದದ್ದು ಎರಡು ಕಾಲಿನ ಯೋಚನೆ.
ಈಗ ಸಂಜೆ ಏಳಕ್ಕೆ ಬಾಗಿಲಲ್ಲಿ ನಿಂತು ಬೂಟು ಎಣಿಸುತ್ತೇನೆ.
ಗುತ್ತಲಿನ ಮಣ್ಣು ಮೆತ್ತಿದ್ದು ನೆಲ್ಸನ್ನಂದು.
ಎಡ ಹಿಮ್ಮಡಿ ಸವೆದದ್ದು ಪ್ರಸನ್ನನದು, ವಾಲಿ ನಡೆಯುತ್ತಾನೆ.
ಐದು ಜೊತೆಯಾಯಿತೆಂದರೆ, ಆರನೆಯದು ಬರುವ ತನಕ
ಒಲೆಯ ಮೇಲಿನ ಸಾರು ನನಗೆ ಕುದಿಯುವುದಿಲ್ಲ.
ಕಬ್ಬಿನ ಟ್ರ್ಯಾಕ್ಟರು ದೀಪವಿಲ್ಲದೆ ಓಡಾಡುವ ಕಾಲ;
ಫ್ಯಾಕ್ಟರಿಯ ಕಾಕಂಬಿ ವಾಸನೆ ಹಿತ್ತಲಿಗೂ ಬರುತ್ತದೆ,
ಸಿಹಿಯೋ ಕೊಳೆತದ್ದೋ ಹೇಳಲಾಗದ ಹಾಗೆ.

ರಿಜಿಸ್ಟರಿನಲ್ಲಿ ನಾಲ್ಕು ಖಾನೆ:
ಮನೆ, ಪಾಠ, ಪ್ರಾರ್ಥನೆ, ಹೊಸಬರು.
ಸೋಮವಾರ ಮೈಸೂರಿಗೆ ಫೋನಿನಲ್ಲಿ ಒಪ್ಪಿಸಬೇಕು.
ಸ್ವರ್ಣಸಂದ್ರದ ಚೌಡಮ್ಮ "ದೇವ್ರು ಆಮ್ಯಾಕೆ ಕಣ್ರಪ್ಪ,
ಮೊದ್ಲು ಈ ಸೂಜಿಗೆ ದಾರ ಪೋಣಿಸ್ಕೊಡಿ" ಅಂದದ್ದು,
ನಮ್ಮ ಇಬ್ಬರು ಹುಡುಗರು ಅವಳ ಬೊಂತೆ ಮುಗಿಯುವ ತನಕ
ದಾರ ಪೋಣಿಸಿ ಪೋಣಿಸಿ ಕೊಟ್ಟದ್ದು,
ಯಾವ ಖಾನೆಯಲ್ಲಿ ಬರೆಯಲಿ?
ಮನೆ: ಒಂದು.
"ಇಡೀ ದಿನಕ್ಕೆ ಒಂದೇನಾ?" ಅಂದರು ಆ ಕಡೆಯಿಂದ.
"ಹೌದು ಸಾರ್, ಒಂದೇ."
ಅದೇ ಮೊದಲು, ನನ್ನ ದನಿ ನಡುಗದೆ ಇದ್ದದ್ದು.

ಬೀದರಿನ ರೂಬೇನ ಬುಧವಾರ ಊಟ ಬಿಟ್ಟ.
ಅವನು "ಹ್ಯಾಂಗಿದ್ದೀರ್ರಿ" ಅಂದರೆ ಇಲ್ಲಿಯವರು ನಗುತ್ತಾರಂತೆ.
ಜಿಪ್ಪು ಎಳೆದ ಬ್ಯಾಗು ಗೋಡೆಗೆ ಒರಗಿ ಕಾಯುತ್ತಿತ್ತು.
ನಾಯಕರ ಕೈಪಿಡಿಯಲ್ಲಿ ಇಂಥದ್ದಕ್ಕೆ ಏಳು ಹೆಜ್ಜೆ ಬರೆದಿದೆ.
ಎರಡನೆಯದರಲ್ಲೇ ನಾಲಿಗೆ ಒಣಗಿ
"ನಂಗೂ ಊರಿಗೆ ಹೋಗ್ಬೇಕು ಅನ್ನಿಸ್ತದೆ ಕಣೋ" ಅಂದುಬಿಟ್ಟೆ.
ಅವನು ತಲೆಯೆತ್ತಿದ.
ಮೋಟರಿನ ಸ್ವಿಚ್ಚು ಒತ್ತಿ, ಅವನನ್ನು ಎಬ್ಬಿಸಿಕೊಂಡು
ವಿ.ಸಿ. ನಾಲೆಯ ಏರಿ ಮೇಲೆ ಬಹಳ ದೂರ ನಡೆದೆ.
ಅವನು ಅವ್ವನ ಜೋಳದ ರೊಟ್ಟಿಯ ಮಾತಾಡಿದ,
ನಾನು ಹುಣಸೂರಿನ ನಮ್ಮ ಎಮ್ಮೆಯದು.
ದೇವರ ಹೆಸರು ಇಬ್ಬರೂ ಎತ್ತಲಿಲ್ಲ.
ಕತ್ತಲಲ್ಲಿ ನೀರು ಹೋಗುತ್ತಿತ್ತು, ಯಾರ ಗದ್ದೆಗೋ.

ಹಿಂತಿರುಗಿದರೆ ಅಂಗಳವೆಲ್ಲ ಕೆರೆ.
ಟ್ಯಾಂಕು ತುಂಬಿ ಮೆಟ್ಟಿಲಿಳಿದು ಬರುತ್ತಿದೆ.
ಓನರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಾರೆ:
"ಯಾರಪ್ಪಾ ಇಲ್ಲಿ ಲೀಡ್ರು?"
ಆರು ಜನ ಸಾಲಾಗಿದ್ದೆವು.
ಒಬ್ಬನೂ ನನ್ನ ಕಡೆ ನೋಡಲಿಲ್ಲ.
ನಾನೇ ಮುಂದೆ ಬಂದೆ, ನೀರಿನೊಳಗೆ ಒಂದು ಹೆಜ್ಜೆ.

ಹಿಂದಿನಿಂದ ನೆಲ್ಸನ್ನು, ಎಷ್ಟೋ ದಿನದ ಮೇಲೆ:
"ಲೋ ಸಮಾಧಾನ, ಆ ಪೊರಕೆ ಇತ್ತ ಕೊಡೋ,
ಬೂಟೆಲ್ಲ ತೇಲ್ತಾ ಇದಾವೆ."